ಮುನ್ಸೀಫರ ಕಾಲದ ಆಣೆ

ನಮ್ಮ ಮನೆಯಲ್ಲಿ ದೈವ ದೇವರುಗಳ ನಂತರ ಯಾರಿಗಾದರೂ ಹೆದರುವುದಿದ್ದರೆ ಅದು ಮುನ್ಸೀಫರಿಗೆ. ಅವರನ್ನು ನಾನು ಕಂಡವಳಲ್ಲ. ನಾನು ಹುಟ್ಟುವ ಮೊದಲೇ ಅವರು ಬಂಟ್ವಾಳದಿಂದ ವರ್ಗವಾಗಿ ಎಲ್ಲಿಗೋ ಹೋಗಿದ್ದರು. ಆದರೆ ಅಮ್ಮನ ಮಾತಿನಲ್ಲಿ ಅವರು ನಿನ್ನೆ ಮೊನ್ನೆ ನಮ್ಮ ಜಗಲಿಯಲ್ಲಿ ಕೂತು ಎದ್ದುಹೋದವರ ಹಾಗೆ ಬರುತ್ತಿದ್ದರು. ಮುನ್ಸೀಫರು ಹೇಳಿದ್ದು ಎಂದರೆ ಮುಗಿಯಿತು, ಅದರ ಮೇಲೆ ಇನ್ನೊಂದು ಮಾತಿಲ್ಲ.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬೋರ್ಡಿನ ಮೇಲೆ ಗೆರೆ ಎಳೆದು, ಒಬ್ಬರ ಅಧಿಕಾರದೊಳಗೆ ಇನ್ನೊಬ್ಬರು ಕೈ ಹಾಕಬಾರದು ಎಂದು ವರ್ಷಾವರ್ಷ ಹೇಳಿ ನನ್ನ ನಾಲಿಗೆ ಸವೆದಿದೆ. ಒಮ್ಮೆ ಮಾತಿನ ಭರದಲ್ಲಿ ತರಗತಿಯಲ್ಲಿ ಮುನ್ಸೀಫ ಎಂದುಬಿಟ್ಟೆ. ಮಕ್ಕಳು ಮುಖ ಮುಖ ನೋಡಿಕೊಂಡರು. ತಾಲೂಕಿನ ಸಣ್ಣ ಸಿವಿಲ್ ನ್ಯಾಯಾಧೀಶರನ್ನು ಹಿಂದೆ ಹಾಗೆ ಕರೆಯುತ್ತಿದ್ದರು, ಈಗ ಆ ಹೆಸರು ಹೋಗಿ ಸಿವಿಲ್ ಜಡ್ಜ್ ಎಂದಾಗಿದೆ ಎಂದು ವಿವರಿಸಿದೆ. ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಎಲ್ಲರೂ ಒಟ್ಟಿಗೆ ಪೆನ್ನು ಕೆಳಗಿಟ್ಟರು. ಬೇಡದ್ದನ್ನು ಅಷ್ಟು ಸುಲಭದಲ್ಲಿ ಬಿಟ್ಟುಬಿಡುವ ಆ ಮಕ್ಕಳನ್ನು ಕಂಡು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಸಂಗತಿ ಇಷ್ಟೆ. ಅಮ್ಮನಿಗೆ ಒಬ್ಬಳೇ ಅಕ್ಕ, ನನಗೆ ದೊಡ್ಡಮ್ಮ. ನಮ್ಮಲ್ಲಿ ಆಸ್ತಿ ಹೆಣ್ಣುಮಕ್ಕಳ ಹೆಸರಿನಲ್ಲಿ ಇಳಿದು ಬರುವುದು. ಅಜ್ಜಿ ತೀರಿಕೊಂಡ ಮೇಲೆ ವೇಣೂರಿನ ಆಚೆಗಿದ್ದ ಜಾಗ ಇಬ್ಬರಿಗೂ ಹಂಚಿಹೋಗಿ, ಪಕ್ಕಪಕ್ಕದಲ್ಲೇ ಎರಡು ಮನೆಯಾಯಿತು. ಎಲ್ಲ ಸರಿಯಾಗಿಯೇ ಇತ್ತು, ಗಡಿಯ ಮೇಲೆ ಒಂದು ಹಲಸಿನ ಮರ ಇಲ್ಲದೆ ಹೋಗಿದ್ದರೆ. ಮರ ನಮ್ಮದು ಎಂದು ಅಪ್ಪ, ನಮ್ಮದು ಎಂದು ದೊಡ್ಡಪ್ಪ. ಇಬ್ಬರೂ ಮುಂಗೋಪಿಗಳು. ಮಾತು ಬೆಳೆದು ಬೆಳೆದು ಬಂಟ್ವಾಳದ ಕೋರ್ಟಿಗೆ ಹೋಯಿತು. ಗಂಡಸರು ಎಷ್ಟು ಹಾರಾಡಿದರೂ ಜಾಗ ಹೆಂಗಸರ ಹೆಸರಿನಲ್ಲಿ, ಹಾಗಾಗಿ ಮುನ್ಸೀಫರ ಮುಂದೆ ಹೋಗಿ ನಿಲ್ಲಬೇಕಾಗಿ ಬಂದದ್ದು ಅಕ್ಕತಂಗಿಯರು.

ಮರವನ್ನು ಅಜ್ಜಿ ಯಾರಿಗೆ ಕೊಟ್ಟದ್ದು ಎನ್ನುವುದಕ್ಕೆ ಕಾಗದಪತ್ರ ಇರಲಿಲ್ಲ. ಮರ ನಿನಗೆ ಎಂದು ಅಜ್ಜಿ ತನಗೆ ಬಾಯಲ್ಲಿ ಹೇಳಿದ್ದಾಳೆ ಎಂದಳು ಅಮ್ಮ. ಹಾಗಾದರೆ ನಮ್ಮ ದೈವದ ಮುಂದೆ ಪ್ರಮಾಣ ಮಾಡಿ ಹೇಳಲಿ, ಮರ ಬಿಟ್ಟುಕೊಡುತ್ತೇನೆ ಎಂದಳು ದೊಡ್ಡಮ್ಮ. ಹಾಗೆ ಹೇಳಲು ಹಿಂದಿನಿಂದ ಕಣ್ಸನ್ನೆ ಮಾಡಿದ್ದು ದೊಡ್ಡಪ್ಪ ಎಂದು ಅಮ್ಮ ಇವತ್ತಿಗೂ ನಂಬಿದ್ದಾಳೆ. ಎರಡೂ ಕಡೆಯವರು ಒಪ್ಪಿದರೆ ಹೀಗೆ ಪ್ರಮಾಣದಲ್ಲಿ ವ್ಯಾಜ್ಯ ಮುಗಿಸಲು ಆ ಕಾಲದ ಕಾನೂನಿನಲ್ಲಿ ಅವಕಾಶ ಇತ್ತಂತೆ. ಮುನ್ಸೀಫರು ಒಪ್ಪಿ, ಸಾಕ್ಷಿಗೆ ಕೋರ್ಟಿನ ಒಬ್ಬ ಅಮೀನನನ್ನು ಜೊತೆಗೆ ಕಳುಹಿಸಿದರು. ಖಾಕಿ ಹಾಕಿಕೊಂಡು ಬಂದ ಅವನೆದುರಿಗೆ, ದೈವಸ್ಥಾನದ ಅಂಗಳದಲ್ಲಿ, ಅಮ್ಮ ಒದ್ದೆ ಸೀರೆಯಲ್ಲಿ ನಿಂತು ಹೇಳಿದಳು. ಮರ ನಮ್ಮದಾಯಿತು.

ಆದರೆ ನಮ್ಮ ಕಡೆ ಪ್ರಮಾಣವೆಂದರೆ ಅಲ್ಲಿಗೆ ಮುಗಿಯುವುದಿಲ್ಲ. ಮಾಡಿದವರಿಗೂ ಮಾಡಿಸಿದವರಿಗೂ ನಡುವೆ ಆಣೆ ನಿಲ್ಲುತ್ತದೆ. ಆ ಎರಡು ಮನೆಯವರು ಒಬ್ಬರ ಕೈಯಿಂದ ಇನ್ನೊಬ್ಬರು ಊಟ ಬಿಡಿ, ಒಂದು ಗುಟುಕು ನೀರೂ ಮುಟ್ಟುವ ಹಾಗಿಲ್ಲ. ಇಬ್ಬರೂ ಒಟ್ಟಿಗೆ ಅದೇ ಅಂಗಳಕ್ಕೆ ಹೋಗಿ ಆಣೆ ಬಿಡಿಸಿಕೊಂಡ ಮೇಲಷ್ಟೆ ಬಳಕೆ.

ಬಿಡಿಸಿಕೊಳ್ಳಲು ಏನು ಕಷ್ಟ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಹರೆಯದಲ್ಲಿ, ಗಂಟಲು ಹರಿಯುವ ಹಾಗೆ. ಅಪ್ಪ, ದೊಡ್ಡಪ್ಪ ಇರುವವರೆಗೆ ಅವರ ಹಟ ಅಡ್ಡ ಬಂತು. ಅವರಿಬ್ಬರೂ ಹೋದರು. ಹಲಸಿನ ಮರವೂ ಒಂದು ಗಾಳಿಮಳೆಗೆ ಬುಡಸಮೇತ ಬಿತ್ತು, ಅದರ ಹಲಗೆಗಳನ್ನು ಎರಡೂ ಮನೆಯವರು ಹಂಚಿಕೊಂಡರು. ಆಗ ಅಕ್ಕತಂಗಿಯರು ಜೊತೆಯಾಗಿ ದೈವಸ್ಥಾನದ ಗುರಿಕಾರರಲ್ಲಿಗೆ ಹೋದರು. ಗುರಿಕಾರರೆಂದರೆ ದೈವಸ್ಥಾನದ ಕಟ್ಟುಕಟ್ಟಳೆ ನೋಡಿಕೊಳ್ಳುವ ಮನೆತನದ ಹಿರಿಯರು. ಅವರು ಹೇಳಿದ್ದು, ಉಳಿದ ಆಣೆಗಳ ಹಾಗಲ್ಲ ಇದು, ಮುನ್ಸೀಫರ ಅಪ್ಪಣೆಯಿಂದ ಕೋರ್ಟಿನ ಆಳು ನಿಂತು ಆದದ್ದು, ಬಿಡಿಸುವಾಗಲೂ ಕೋರ್ಟಿನ ಆಳು ನಿಲ್ಲಬೇಕು, ಮುನ್ಸೀಫರ ಮಾತು ಬರಬೇಕು. ಅಮ್ಮನಿಗೂ ದೊಡ್ಡಮ್ಮನಿಗೂ ಅದು ಸರಿ ಎಂದೇ ಕಂಡಿತು. ಸರಕಾರ ಕಟ್ಟಿದ್ದನ್ನು ಗುರಿಕಾರರು ಒಬ್ಬರೇ ಬಿಚ್ಚುವುದು ಹೇಗೆ? ಇಬ್ಬರೂ ಬಂದ ದಾರಿಯಲ್ಲಿ ವಾಪಸು ಬಂದರು.

ಹಾಗೆಂದು ಅವರು ಮಾತು ಬಿಟ್ಟವರಲ್ಲ. ದಿನಕ್ಕೆ ಒಮ್ಮೆಯಾದರೂ ಬೇಲಿಯ ಹತ್ತಿರ ಬಾರದಿದ್ದರೆ ಇಬ್ಬರಿಗೂ ಉಂಡದ್ದು ಕರಗುವುದಿಲ್ಲ. ದೊಡ್ಡಮ್ಮನ ಮನೆಗೆ ಅಮ್ಮ ಹೋಗುವಾಗ ಕೈಯಲ್ಲಿ ನಮ್ಮ ಮನೆಯ ನೀರಿನ ಬಾಟಲಿ. ದೊಡ್ಡಮ್ಮ ನಮ್ಮಲ್ಲಿಗೆ ಬರುವಾಗ ಅವಳದ್ದು ಅವಳ ಚೀಲದಲ್ಲಿ. ಇಬ್ಬರೂ ಎದುರುಬದುರು ಕೂತು ತಂತಮ್ಮ ನೀರು ಕುಡಿಯುತ್ತ ಮೂರು ತಾಲೂಕಿನ ಸುದ್ದಿ ಮಾತಾಡುವುದನ್ನು ಕಂಡರೆ ಹೊಸಬರು ನಗುತ್ತಿದ್ದರು. ನಾನು ಸಣ್ಣವಳಿದ್ದಾಗ ದೊಡ್ಡಮ್ಮನಿಗೆ ನನ್ನ ಮೇಲೆ ಜೀವ. ಆದರೆ ಕೈಯಿಂದ ಏನೂ ಕೊಡುವ ಹಾಗಿಲ್ಲ. ಅವಳು ಅಂಗಳದ ಪೇರಳೆ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಗದಗದ ಅಲ್ಲಾಡಿಸಿ, ಇನ್ನೇನೂ ಗೊತ್ತಿಲ್ಲದವಳ ಹಾಗೆ ಒಳಗೆ ಹೋಗುತ್ತಿದ್ದಳು. ನೆಲಕ್ಕೆ ಬಿದ್ದದ್ದು ಯಾರದ್ದೂ ಅಲ್ಲ ಎಂಬುದು ಅವಳು ಕಂಡುಕೊಂಡ ಕಾನೂನು. ನನ್ನ ಮದುವೆಯಲ್ಲಿ ಧಾರೆಯ ತನಕ ನಿಂತು ಕಣ್ಣೀರು ಒರೆಸಿಕೊಂಡವಳು, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಚಪ್ಪಲಿ ಹುಡುಕುತ್ತಿದ್ದಳು. ಅವಳ ಹಸಿದ ಮುಖ ನೋಡಿ ನನಗೆ ಅನ್ನ ಇಳಿಯಲಿಲ್ಲ.

ಹೀಗೆಯೇ ನಡೆದುಹೋಗುತ್ತದೆ ಎಂದುಕೊಂಡಿದ್ದೆವು. ಕಳೆದ ವರ್ಷ ದೊಡ್ಡಮ್ಮ ಹಾಸಿಗೆ ಹಿಡಿದಳು. ಮಂಗಳೂರಿನ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಹಾಗೆಂದರೆ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಮಗ, ನನಗೆ ಅಣ್ಣ, ಒಂದು ಸಂಜೆ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದ. ತನ್ನ ಅಮ್ಮನಿಗೆ ಒಂದೇ ಆಸೆ ಉಂಟಂತೆ, ಹೋಗುವ ಮೊದಲು ತಂಗಿಯ ಕೈಯಿಂದ ಒಂದು ಗುಟುಕು ನೀರು ಎಂದ. ಹೇಳಿ ನನ್ನ ಮುಖ ನೋಡದೆ ತಿರುಗಿ ಹೋದ.

ಅಮ್ಮನಿಗೆ ತಿಳಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದ ಗೆರಸೆಯನ್ನು ಬದಿಗಿಟ್ಟಳು. ಕೊಟ್ಟುಬಿಡು ಅಮ್ಮ, ಯಾರು ನೋಡುತ್ತಾರೆ ಎಂದೆ.

"ನನಗೆ ಎಂತ ಆದರೂ ಆಗಲಿ ಮಗಾ. ಮುದುಕಿ ನಾನು. ಮಕ್ಕಳಿಗೆ ಏನಾದರೂ ಆದರೆ? ಆಗುದಿಲ್ಲ ಅಂತ ನೀನು ಹೇಳ್ತೀಯಾ?"

ಹೇಳಲು ಬಾಯಿ ತೆರೆದೆ. ಆಗ ನನ್ನ ಮಗಳು ಹೊರಗೆ ಸ್ಕೂಟರು ತಿರುಗಿಸುತ್ತಿದ್ದಳು. ವೈಚಾರಿಕತೆಯ ಬಗ್ಗೆ ಮಕ್ಕಳಿಗೆ ಗಂಟೆಗಟ್ಟಲೆ ಕೊರೆಯುವ ನನಗೆ ಆ ಒಂದು ಮಾತು ಹೇಳುವ ಧೈರ್ಯ ಬರಲಿಲ್ಲ. ನನ್ನ ಮೇಲೆ ನನಗೇ ಜಿಗುಪ್ಸೆಯಾಯಿತು.

ಮರುದಿನ ರಜೆ ಹಾಕಿ ಬೆಳ್ತಂಗಡಿಗೆ ಹೋದೆ. ಅಲ್ಲಿ ವಕೀಲಿ ಮಾಡುವ ಒಬ್ಬ ನನ್ನ ಹಳೆಯ ವಿದ್ಯಾರ್ಥಿ, ಮುಂಡಾಜೆಯವನು. ಎಲ್ಲ ಕೇಳಿದ. ನಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಅವನಿಗೆ ಋಣಿ. ಆದರೆ ದಾರಿ ಇಲ್ಲ ಎಂದ. ಕೋರ್ಟಿಗೆ ಹೋಗಬೇಕಾದರೆ ವ್ಯಾಜ್ಯ ಬೇಕು, ನಿಮ್ಮಲ್ಲಿ ಅದಿಲ್ಲ. ಜಗಳವಿದ್ದ ಮರ ಇಲ್ಲ, ಜಗಳ ಮಾಡಿದವರೂ ಇಲ್ಲ, ಉಳಿದಿಬ್ಬರು ರಾಜಿಯಲ್ಲಿದ್ದಾರೆ, ಯಾರ ಮೇಲೆ ಯಾರು ದಾವೆ ಹಾಕುವುದು ಮೇಡಂ ಎಂದು ಕೇಳಿದ. ಆ ಪ್ರಮಾಣದ ಕಾನೂನೂ ರದ್ದಾಗಿ ಎಷ್ಟೋ ಕಾಲವಾಯಿತಂತೆ. ನನ್ನ ಸಮಾಧಾನಕ್ಕೆ ಬಂಟ್ವಾಳದ ಕೋರ್ಟಿಗೂ ಕರೆದುಕೊಂಡು ಹೋದ. ಅಲ್ಲಿಯ ಆಫೀಸಿನಲ್ಲಿ ಒಬ್ಬ ಹಿರಿಯರು ಕುರ್ಚಿ ಕೊಟ್ಟು ಕೂರಿಸಿ, ಎಲ್ಲ ಕೇಳಿಸಿಕೊಂಡು, ಮುನ್ಸೀಫ ಎನ್ನುವ ಹುದ್ದೆಯೇ ಈಗ ಇಲ್ಲವಲ್ಲ ಅಮ್ಮ, ಇಲ್ಲದವರ ಅಪ್ಪಣೆಯನ್ನು ನಾವು ಹೇಗೆ ಕೊಡುವುದು, ಅದನ್ನು ದೈವಸ್ಥಾನದಲ್ಲೇ ಕೇಳಬೇಕಷ್ಟೆ ಎಂದರು. ಅವರ ಸ್ವರದಲ್ಲಿ ತಾತ್ಸಾರವಿರಲಿಲ್ಲ. ಗದರಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಮರ್ಯಾದೆಯಿಂದ ಇಲ್ಲ ಎಂದವರ ಹತ್ತಿರ ಏನು ಮಾಡುವುದು?

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ದೈವಸ್ಥಾನದವರು ನಮ್ಮ ಕೈಯಲ್ಲಿಲ್ಲ, ಕೋರ್ಟಿನಲ್ಲಿ ಕೇಳಿ ಎನ್ನುತ್ತಾರೆ. ಕೋರ್ಟಿನವರು ನಮಗೆ ಸಂಬಂಧವಿಲ್ಲ, ದೈವಸ್ಥಾನದಲ್ಲಿ ಕೇಳಿ ಎನ್ನುತ್ತಾರೆ. ಒಬ್ಬರ ಅಧಿಕಾರದೊಳಗೆ ಇನ್ನೊಬ್ಬರು ಕೈ ಹಾಕಬಾರದು ಎಂಬ ನನ್ನ ಪಾಠವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಒಂದು ವಾರ ಕಳೆದು ವಕೀಲ ಹುಡುಗ ತಾನಾಗಿಯೇ ಫೋನು ಮಾಡಿದ. ತಾನು ಕರಿ ಕೋಟು ಹಾಕಿಕೊಂಡು ಬಂದು ನಿಲ್ಲುತ್ತೇನೆ, ವಕೀಲನೂ ಕೋರ್ಟಿಗೆ ಸೇರಿದವನೇ ಅಲ್ಲವೇ, ಗುರಿಕಾರರಿಗೆ ಅಷ್ಟು ಸಾಕಾಗಬಹುದು ಎಂದ. ನಾನು ಹೆಚ್ಚು ಯೋಚಿಸದೆ ಹೂಂ ಎಂದೆ. ಮುಳುಗುವವಳಿಗೆ ಹುಲ್ಲುಕಡ್ಡಿ.

ದೊಡ್ಡಮ್ಮನನ್ನು ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿ ಕರೆತಂದರು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಬೆಳಗ್ಗಿನ ಬಿಸಿಲಿಗೆ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಆದರೂ ತಲೆ ಬಾಚಿ ಒಂದು ಹೂ ಮುಡಿದಿದ್ದಳು. ಅಮ್ಮ ಪಕ್ಕದಲ್ಲಿ ನಿಂತಳು. ಒಂದು ಹೊಸ ಸ್ಟೀಲಿನ ಚೆಂಬಿನಲ್ಲಿ ನಮ್ಮ ಬಾವಿಯ ನೀರು ತಂದಿದ್ದಳು. ಆಣೆ ಬಿಟ್ಟ ಕೂಡಲೇ ಅಲ್ಲೇ ಕುಡಿಸುವುದೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ಕಾಣುತ್ತದೆ. ವಕೀಲ ಹುಡುಗ ಕೋಟು ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಒಂದು ಬದಿಯಲ್ಲಿ ಕೈಕಟ್ಟಿ ನಿಂತ.

ಗುರಿಕಾರರು, ಆ ಹಿಂದಿನವರ ಮಗ, ಒಳಗಿನಿಂದ ಬಂದು ಎಲ್ಲರನ್ನೂ ನೋಡಿದರು. ವಕೀಲ ಹುಡುಗನ ಮುಂದೆ ನಿಂತು, ಮೆಲ್ಲಗೆ, ಪುಸ್ತಕದ ಕನ್ನಡದಲ್ಲಿ ಕೇಳಿದರು:

"ನಿಮ್ಮನ್ನು ನ್ಯಾಯಾಲಯದಿಂದ ಕಳುಹಿಸಿದ್ದು ಹೌದಾ?"

ಹೌದು ಎಂದರೆ ಮುಗಿಯುತ್ತಿತ್ತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ನನ್ನನ್ನು ನೋಡಿದ, ದೊಡ್ಡಮ್ಮನ ಕುರ್ಚಿಯನ್ನು ನೋಡಿದ, ತೆರೆದಿದ್ದ ಬಾಗಿಲಿನ ಒಳಗೆ ದೀಪದ ಮುಂದೆ ಇಟ್ಟಿದ್ದ ದೈವದ ಕತ್ತಿಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಇಲ್ಲ ಸ್ವಾಮಿ. ನಾನೇ ಬಂದದ್ದು."

ಗುರಿಕಾರರು ಬೈಯಲಿಲ್ಲ. ಹಾಗಾದರೆ ಆಗುವುದಿಲ್ಲವಲ್ಲ ಎಂದು ತಮಗೇ ಹೇಳಿಕೊಂಡವರ ಹಾಗೆ ಹೇಳಿ ಒಳಗೆ ಹೋದರು. ಕಾರಿನ ಹತ್ತಿರ ಹುಡುಗ ನನ್ನ ಬಳಿಗೆ ಬಂದ. ಕೋರ್ಟಿನಲ್ಲಿ ಹೇಳುವುದನ್ನೆಲ್ಲ ಇಲ್ಲಿ ಹೇಳಲಿಕ್ಕೆ ಆಗುವುದಿಲ್ಲ ಮೇಡಂ ಎಂದ. ಮನೆಯಲ್ಲಿ ಪುಟ್ಟ ಮಗುವಿದೆ ಎಂದೂ ಹೇಳಿದ. ನಾನು ಅವನ ಬೆನ್ನು ತಟ್ಟಿದೆ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅಮ್ಮ ಚೆಂಬಿನ ನೀರನ್ನು ದಾರಿ ಬದಿಯ ಗಿಡದ ಬುಡಕ್ಕೆ ಚೆಲ್ಲಿ, ಚೆಂಬನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಅದಾದ ಮೇಲೆ ದೊಡ್ಡಮ್ಮ ಬೇಗ ಬೇಗ ಸೊರಗುತ್ತ ಹೋದಳು. ಅವಳನ್ನು ನೋಡಿಕೊಳ್ಳಲು ಹಾವೇರಿ ಕಡೆಯ ಒಬ್ಬಳು ಹುಡುಗಿ ಇದ್ದಳು, ಹೋಮ್ ನರ್ಸು. ನಮ್ಮ ತುಳು ಅವಳಿಗೆ ಬರುತ್ತಿರಲಿಲ್ಲ, ನಮ್ಮ ಮನೆಗಳ ಕತೆಯೂ ಗೊತ್ತಿರಲಿಲ್ಲ. ಅಮ್ಮ ಬೆಳಗ್ಗೆ ಹೋದರೆ ಮಧ್ಯಾಹ್ನದವರೆಗೆ ಅಕ್ಕನ ಕಾಲು ಒತ್ತುತ್ತ ಕೂರುತ್ತಿದ್ದಳು. ಕಾಲು ಒತ್ತಲು ಆಣೆಯ ಅಡ್ಡಿ ಇಲ್ಲ. ಕೂದಲು ಬಾಚಲು, ಬೆನ್ನಿಗೆ ಪೌಡರು ಹಾಕಲು ಅಡ್ಡಿ ಇಲ್ಲ. ನೀರೊಂದಕ್ಕೆ ಮಾತ್ರ.

ಆ ದಿನ ಭಾನುವಾರ, ನಾನೂ ಹೋಗಿದ್ದೆ. ಊಟದ ಹೊತ್ತು ಕಳೆದಿತ್ತು. ದೊಡ್ಡಮ್ಮ ಕಣ್ಣು ತೆರೆದು ಅಮ್ಮನ ಕಡೆಗೇ ತಿರುಗಿ, "ಎಂಕ್ ಒಂಚೂರು ನೀರ್ ಕೊರ್ಲ" ಎಂದಳು. ನನಗೊಂಚೂರು ನೀರು ಕೊಡು. ಸ್ವರ ಸಣ್ಣದಾಗಿತ್ತು, ಆದರೆ ಸ್ಪಷ್ಟವಾಗಿತ್ತು. ಮರೆತು ಕೇಳಿದ್ದೋ, ಗೊತ್ತಿದ್ದೇ ಕೇಳಿದ್ದೋ ನನಗೆ ತಿಳಿಯದು. ಮಂಚದ ಪಕ್ಕದ ಸ್ಟೂಲಿನ ಮೇಲೆ ಲೋಟದಲ್ಲಿ ನೀರು, ಅದರಲ್ಲೊಂದು ಚಮಚ.

ಅಮ್ಮ ಅಲ್ಲಾಡಲಿಲ್ಲ. ನಾನು ಅವಳ ಪಕ್ಕ ಬಾಗಿ, ನನಗೆ ತಿಳಿದ ವಾದವನ್ನೆಲ್ಲ ಕಿವಿಯಲ್ಲಿ ಉಸುರಿದೆ. ಲೋಟ ಅವರದ್ದು, ನೀರು ಅವರ ಬಾವಿಯದ್ದು, ಅವಳ ನೀರನ್ನೇ ಅವಳಿಗೆ ಕೊಡುವುದು, ಇದರಲ್ಲಿ ನಮ್ಮ ಮನೆಯದ್ದು ಏನಿದೆ?

"ಕೈ ನನ್ನದಲ್ವಾ" ಎಂದಳು ಅಮ್ಮ.

ನನ್ನ ಕೈಯೂ ಅದೇ ಮನೆಯದ್ದು. ನಾವಿಬ್ಬರೂ ಆ ಲೋಟವನ್ನು ನೋಡುತ್ತ ಕೂತೆವು. ಅಷ್ಟು ಕೈಲಾಗದವಳಾಗಿ ನಾನು ಬದುಕಿನಲ್ಲಿ ಬೇರೆಲ್ಲೂ ಕೂತಿಲ್ಲ. ದೊಡ್ಡಮ್ಮ ಇನ್ನೊಮ್ಮೆ ತುಟಿ ಅಲ್ಲಾಡಿಸಿದಳು. ಒಳಗಿನಿಂದ ಬಟ್ಟೆ ಮಡಚುತ್ತ ಬಂದ ನರ್ಸು ಹುಡುಗಿ ನಮಗೆ ಹೆದರಿಕೆ ಎಂದುಕೊಂಡಳು. ನೀವೇ ಕುಡಿಸಿ, ನೆತ್ತಿಗೆ ಹತ್ತುವುದಿಲ್ಲ, ನಾನು ತಲೆ ಹಿಡಿಯುತ್ತೇನೆ ಎಂದು ತನ್ನ ಮಾತಿನಲ್ಲಿ ಅಮ್ಮನಿಗೆ ಧೈರ್ಯ ಹೇಳಿದಳು. ಅಮ್ಮ ಆಗದು ಎಂಬ ಹಾಗೆ ತಲೆ ಆಡಿಸಿದಳು. ಹುಡುಗಿ ಒಂದು ಕ್ಷಣ ನಮ್ಮನ್ನು ನೋಡಿ, ಇವರೆಂಥ ಜನ ಎಂಬ ಹಾಗೆ, ತಾನೇ ಚಮಚ ತೆಗೆದುಕೊಂಡು ಕುಡಿಸಿದಳು. ದೊಡ್ಡಮ್ಮ ನುಂಗಿದಳು. ನುಂಗುವಾಗಲೂ ಅವಳ ಕಣ್ಣು ಅಮ್ಮನ ಮೇಲೆಯೇ ಇತ್ತು.

ಎರಡು ದಿನ ಕಳೆದು ಅವಳು ತೀರಿಕೊಂಡಳು.

ಸುದ್ದಿ ತಿಳಿದು ಊರಿನವರು ಸೇರಿದರು. ಗುರಿಕಾರರೂ ಬಂದರು. ದೇಹವನ್ನು ಮೀಯಿಸಿ ಚಾವಡಿಯಲ್ಲಿ ಮಲಗಿಸಿ, ತಲೆಯ ಹತ್ತಿರ ತುಳಸಿ ಹಾಕಿದ ನೀರಿನ ಬಟ್ಟಲು ಇಟ್ಟಿದ್ದರು. ಸಂಬಂಧಿಕರು ಒಬ್ಬೊಬ್ಬರಾಗಿ ಬಗ್ಗಿ ಬಾಯಿಗೆ ನೀರು ಬಿಡುತ್ತಿದ್ದರು. ಅಮ್ಮ ಸಾಲಿಗೆ ಸೇರದೆ ಕಂಬಕ್ಕೆ ಒರಗಿ ನಿಂತಿದ್ದಳು. ಗುರಿಕಾರರು ತಾವಾಗಿಯೇ ಅವಳ ಹತ್ತಿರ ಹೋದರು.

"ನೀವು ಬಿಡಬಹುದು ಅಮ್ಮ. ಇನ್ನು ಅಡ್ಡಿ ಇಲ್ಲ. ಹೋದವರ ಮೇಲೆ ಆಣೆ ನಿಲ್ಲುದಿಲ್ಲ."

ಮುನ್ಸೀಫರ ಮಾತು ಬೇಡವೇ ಹಾಗಾದರೆ ಎಂದು ಕೇಳಿದೆ, ಸ್ವಲ್ಪ ಜೋರಾಗಿಯೇ. ನಾಲ್ಕು ಜನ ತಿರುಗಿ ನೋಡಿದರು. ಬೇಡ, ಇದಕ್ಕೆ ಬೇಡ ಎಂದರು ಅವರು. ಅವರ ಕಣ್ಣೂ ಒದ್ದೆಯಾಗಿತ್ತು, ಹಾಗಾಗಿ ಇನ್ನಷ್ಟು ಬೈಯಬೇಕೆಂದಿದ್ದವಳು ಅದನ್ನೂ ನುಂಗಿಕೊಂಡೆ.

ಅಮ್ಮ ಹೋಗಿ ಅಕ್ಕನ ತಲೆಯ ಹತ್ತಿರ ಕೂತಳು. ಉಳಿದವರ ಹಾಗೆ ಅವಸರ ಮಾಡಲಿಲ್ಲ. ಎಡಗೈಯನ್ನು ಕುತ್ತಿಗೆಯ ಅಡಿಗೆ ಕೊಟ್ಟು ತಲೆಯನ್ನು ಸ್ವಲ್ಪ ಎತ್ತಿದಳು, ನರ್ಸು ಹುಡುಗಿ ಎತ್ತುತ್ತಿದ್ದಂತೆಯೇ. ತುಳಸಿಯ ದಳದಲ್ಲಿ ನೀರು ಅದ್ದಿ ಬಿಡುವುದನ್ನು ಬಿಟ್ಟು, ಬಟ್ಟಲನ್ನೇ ತುಟಿಗೆ ಹಿಡಿದಳು. ನೀರು ಕಟವಾಯಿಯಿಂದ ಇಳಿದು ಹೊಸ ಸೀರೆಯ ಮೇಲೆ ಹರಿಯಿತು. ಅಮ್ಮ ಬಟ್ಟಲು ತೆಗೆಯಲಿಲ್ಲ. ಅಕ್ಕ ನುಂಗುವುದನ್ನು ಕಾಯುತ್ತ ಹಾಗೆಯೇ ಹಿಡಿದುಕೊಂಡು ಕೂತಿದ್ದಳು.